ನನ್ನ ರಾಡು ಯಾರು ಹಿಡಿಯಬೇಕು

ದೋಣಿಯಲ್ಲಿ ಕೂತು ಮೀನು ಹಿಡಿಯುವವನಿಗೆ ಗಾಳದ ರಾಡ್ ಸ್ಟ್ಯಾಂಡು ಬೇಕೇ ಬೇಕು ಎಂದು ನಾನು ಹೇಳಿದರೆ, ಎರಡು ಕೈ ನೆಟ್ಟಗಿರುವವರು ನಗುತ್ತಾರೆ. "ರಾಡ್ ಹಿಡ್ಯಾಕ ಸ್ಟ್ಯಾಂಡ್ ಬೇಕಂದ್ರ ದೇವ್ರು ಕೈ ಯಾಕ ಕೊಟ್ಟಾನ್ರಿ?" ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೇ ಕೂತು, ನಾನು ತರಿಸಿದ ಚಹಾ ಕುಡಿಯುತ್ತ ಕೇಳಿದವರಿದ್ದಾರೆ. ಆಗ ನಾನು ಎಡಗೈಯನ್ನು ಜೇಬಿನಿಂದ ಹೊರತೆಗೆದು ಅವರ ಮುಂದೆ ಇಡುತ್ತೇನೆ. ಹೆಬ್ಬೆರಳು ಇದೆ, ಅಂಗೈ ಅರ್ಧ ಇದೆ, ಉಳಿದ ನಾಲ್ಕು ಬೆರಳು ಇಲ್ಲ. ನಗು ಅಲ್ಲಿಗೇ ನಿಲ್ಲುತ್ತದೆ. ಆದರೆ ಆಮೇಲೆ ಬರುವ ಮಾತು ನಗುವಿಗಿಂತ ಕೆಟ್ಟದ್ದು. "ಪಾಪ" ಎನ್ನುತ್ತಾರೆ.

ಈ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ನನ್ನ ಮೈಯೆಲ್ಲ ಉರಿಯುತ್ತದೆ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ನನ್ನ ಹಾರ್ಡ್‌ವೇರ್ ಅಂಗಡಿ. ಪೈಪು, ನಟ್ಟು ಬೋಲ್ಟು, ದನಕ್ಕೆ ಕಟ್ಟುವ ಸರಪಳಿ, ಎಲ್ಲ ಸಿಗುತ್ತದೆ. ಮಠಕ್ಕೆ ಹೋಗಿ ಬರುವ ಮಂದಿ ಅಂಗಡಿಯ ಮುಂದೆ ನಿಂತು ಎರಡು ಮಾತಾಡಿಯೇ ಮುಂದೆ ಹೋಗುವುದು. ಅವರಲ್ಲಿ ಅರ್ಧ ಜನ "ಪಾಪ, ಕೈ ಹೋತು" ಎನ್ನುತ್ತಾರೆ. ಇನ್ನರ್ಧ ಜನ "ಮೀನು ಹಿಡ್ಯೂದು ಪಾಪ, ಅದಕ್ಕ ಕೈ ಹೋತು" ಎನ್ನುತ್ತಾರೆ. ಒಂದೇ ಶಬ್ದದಿಂದ ಎರಡೂ ಕಡೆಯಿಂದ ಹೊಡೆಸಿಕೊಂಡವನು ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮೊಳೆ ತೂಗುತ್ತಿದ್ದರೆ ತಕ್ಕಡಿ ಅಲ್ಲಿಗೇ ಬಿಟ್ಟು ಜಗಳಕ್ಕೆ ನಿಂತದ್ದೂ ಉಂಟು.

ಕೈ ಹೋಗಲಿಲ್ಲ. ಕೈ ತಾನಾಗಿ ಎದ್ದು ಎಲ್ಲಿಗೂ ಹೋಗುವುದಿಲ್ಲ. ನಮ್ಮೂರು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಹಳ್ಳಿ. ಅಲ್ಲಿ ನನ್ನ ಅಣ್ಣ ಹೊಲ ಮಾಡುತ್ತಾನೆ, ಎಮ್ಮೆ ಕಟ್ಟಿದ್ದಾನೆ, ಅವ್ವ ಅವನ ಜೊತೆಗೇ ಇದ್ದಾಳೆ. ಕೊಟ್ಟಿಗೆಯಲ್ಲಿ ಜೋಳದ ಕಣಿಕೆ ಕತ್ತರಿಸುವ ಮಷೀನಿದೆ. ನಮ್ಮ ಕಡೆ ಅದಕ್ಕೆ ಕಡಬಾ ಕುಟ್ಟಿ ಎನ್ನುತ್ತಾರೆ. ಒಂದು ದಿನ ಕರೆಂಟು ಹೋಗಿ ಮಷೀನು ನಿಂತಿತು, ಕಣಿಕೆ ಬಾಯಲ್ಲಿ ಸಿಕ್ಕಿಕೊಂಡಿತ್ತು. ಬಟನ್ನು ಇರುವುದು ಕಂಬದ ಹತ್ತಿರ, ಅಣ್ಣ ಅಲ್ಲಿಯೇ ಕೂತು ಎಮ್ಮೆಯ ಕಾಲಿಗೆ ಔಷಧ ಹಚ್ಚುತ್ತಿದ್ದ. "ಅಣ್ಣಾ, ಬಟನ್?" ಎಂದು ನಾನು ಕೂಗಿದೆ. ಅವನು ಒಂದು ಮಾತು ಹೇಳಿದ. ನಾನು ಕೈ ಹಾಕಿದೆ. ಮಷೀನು ತಿರುಗಿತು.

ಅವನು ಹೇಳಿದ ಆ ಒಂದು ಮಾತಿನ ಮೇಲೆಯೇ ನಮ್ಮ ಮನೆ ಇಷ್ಟು ವರ್ಷ ನಿಂತಿದೆ. ನಮ್ಮ ಬೀದರ್ ಕಡೆಯ ಮಾತಿನಲ್ಲಿ "ಬಂದದ" ಎಂದರೆ ಬಂದಿದೆ. "ಬಂದ್ ಅದ" ಎಂದರೆ ನಿಂತಿದೆ, ಆಫ್ ಆಗಿದೆ. ಕಾಗದದ ಮೇಲೆ ಎರಡೂ ಬೇರೆ, ಬಾಯಲ್ಲಿ ಎರಡೂ ಒಂದೇ. ನಾನು ಕೇಳಿಸಿಕೊಂಡದ್ದು "ಬಂದ್ ಅದ". ಬಟನ್ ಆಫ್ ಇದೆ, ಕೈ ಹಾಕು ಎಂದು ಅರ್ಥ. ಅಣ್ಣ ಹೇಳುವುದು ಬೇರೆ. ಬಾಗಿಲಿನ ಬಲ್ಬು ಮಂದವಾಗಿ ಕೆಂಪಾದದ್ದನ್ನು ತಾನು ನೋಡಿದನಂತೆ. ನಮ್ಮಲ್ಲಿ ಕರೆಂಟು ಮೊದಲು ಹಾಗೆಯೇ ಬರುತ್ತದೆ, ಬಲ್ಬು ಕೆಂಪಾಗುತ್ತದೆ, ಮೋಟರಿಗೆ ಬಲ ಸಾಲದೆ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಅದನ್ನು ನೋಡಿ ತಾನು "ಬಂದದ!" ಎಂದು ಎಚ್ಚರಿಸಿದನಂತೆ. ನಾನೇ ತಪ್ಪು ಕೇಳಿಸಿಕೊಂಡೆನಂತೆ.

ಆಸ್ಪತ್ರೆಯಲ್ಲಿ ನನಗೆ ಎಚ್ಚರ ಬರುವ ಹೊತ್ತಿಗೆ ಮನೆಯವರೆಲ್ಲ ಈ ಕತೆಗೆ ಒಪ್ಪಿಯಾಗಿತ್ತು. ಅವ್ವ ಬಂದವರೆಲ್ಲರ ಮುಂದೆ "ಅಂವ ಬಂದದ ಅಂದಾನ, ಇಂವ ಬಂದ್ ಅದ ಅಂತ ಕೇಳ್ಯಾನ. ಯಾರದೂ ತಪ್ಪಿಲ್ರಿ. ಪಾಪ" ಎನ್ನುತ್ತಿದ್ದಳು. ಯಾರದೂ ತಪ್ಪಿಲ್ಲವೆಂದರೆ ತಪ್ಪು ನನ್ನ ಕಿವಿಯದು ಎಂದಾಯಿತು. ಬೆರಳು ಹೋದವನೂ ನಾನೇ, ತಪ್ಪು ಕೇಳಿಸಿಕೊಂಡವನೂ ನಾನೇ. ಹಾಸಿಗೆಯ ಮೇಲೆ ಹಲ್ಲು ಕಡಿಯುತ್ತ ಮಲಗಿದ್ದೆ. ಅಣ್ಣ ಬಾಗಿಲಲ್ಲಿ ಮೋಸಂಬಿ ಹಿಡಿದುಕೊಂಡು ನಿಂತಿದ್ದ, ಒಳಗೆ ಬರಲಿಲ್ಲ.

ಬಾಗಿಲಲ್ಲಿ ನಿಂತ ಅವನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು, ಅವನು ಬಲ್ಬನ್ನು ನೋಡಿರಲಿಲ್ಲ. ಅವನ ಬಾಯಿಂದ ಅದೊಂದು ಮಾತು ಬರಲಿ ಎಂದು ಕಾದೆ. ಮಾತು ಬರಲಿಲ್ಲ. ಅದರ ಬದಲು ಸೇವೆ ಬಂತು. ನನ್ನ ಗಾಡಿಗೆ ಕಿಕ್ ಹೊಡೆಯುತ್ತಿದ್ದ, ನನ್ನ ತಾಟಿನ ರೊಟ್ಟಿ ಮುರಿಯುತ್ತಿದ್ದ, ಅಂಗಡಿಗೆ ಬಂದರೆ ಶಟರ್ ತಾನೇ ಎತ್ತುತ್ತಿದ್ದ. ನಾನು ಬಲಗೈಯಲ್ಲಿ ಶಟರ್ ಎತ್ತಬಲ್ಲೆ. ಇದನ್ನು ಸಾವಿರ ಸಲ ಹೇಳಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು ಮಾತ್ರ ದೋಣಿಯಲ್ಲಿ.

ಮೀನು ಹಿಡಿಯುವುದನ್ನು ನನಗೆ ಕಲಿಸಿದವನು ಅಣ್ಣನೇ. ಅಂಗಡಿಗೆ ರಜೆ ಇರುವ ದಿನ ಇಬ್ಬರೂ ಬೆಳಿಗ್ಗೆ ಹೊರಟು ರಾಜೇಶ್ವರ ದಾಟಿ, ಬಸವಕಲ್ಯಾಣದ ಆಚೆ ಇರುವ ಡ್ಯಾಮಿಗೆ ಹೋಗುತ್ತೇವೆ. ಅಲ್ಲಿ ಪರಿಚಯದ ಒಬ್ಬ ದೋಣಿಯವನಿದ್ದಾನೆ. ತಗಡಿನ ಪತ್ರಾ ಬಡಿದು ಮಾಡಿದ ದೋಣಿ, ನಡುವೆ ಕೂಡಲು ಎರಡು ಹಲಗೆ. ಅಣ್ಣನದು ಬರೀ ಕೈಯಲ್ಲಿ ದಾರ ಬಿಡುವ ಹಳೇ ಪದ್ಧತಿ. ನನ್ನದು ರಾಡು, ದಾರ ಸುತ್ತುವ ರೀಲು. ಕೈ ಹೀಗಾದ ಮೇಲೂ ಹೋಗುವುದನ್ನು ಬಿಡಲಿಲ್ಲ. ಬಲಗೈಯಿಂದ ರಾಡು ಹಿಡಿದರೆ ರೀಲು ತಿರುಗಿಸಲು ಕೈಯಿಲ್ಲ, ರೀಲು ತಿರುಗಿಸಿದರೆ ರಾಡು ಹಿಡಿಯಲು ಕೈಯಿಲ್ಲ. ಮೀನು ಕಚ್ಚಿದ ಕೂಡಲೇ ಅಣ್ಣ ತನ್ನ ದಾರ ಬಿಟ್ಟು ನನ್ನ ರಾಡಿಗೆ ಕೈ ಹಾಕುತ್ತಿದ್ದ. "ನೀ ಬಿಡು, ನಾ ಹಿಡೀತೇನಿ" ಎನ್ನುತ್ತಿದ್ದ.

ಮೀನು ಮೇಲೆ ಬರುತ್ತಿತ್ತು. ದಡದ ಮೇಲೆ ಅಣ್ಣ "ನನ ತಮ್ಮ ಹಿಡದಾನ ನೋಡ್ರಿ" ಎಂದು ನಾಲ್ಕು ಜನರಿಗೆ ತೋರಿಸುತ್ತಿದ್ದ. ಸುಳ್ಳು. ನಾನು ಏನೂ ಹಿಡಿದಿರಲಿಲ್ಲ. ಆ ಮೀನಿನ ಸಾರು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದು ಮೀನು, ಒಂದೇ ಒಂದು, ಕಚ್ಚಿದ ಕ್ಷಣದಿಂದ ದೋಣಿಗೆ ಬರುವವರೆಗೆ ಬೇರೆಯವರ ಕೈ ಸೋಕದೆ ನನ್ನದಾಗಬೇಕು ಎಂಬ ಹಟ ನನ್ನನ್ನು ಹಿಡಿದುಕೊಂಡಿತು. ಹೇಳಬೇಕಾದ ಮಾತನ್ನು ಹೇಳದೆ ಅಣ್ಣ ನನ್ನ ರಾಡು ಹಿಡಿದು ಲೆಕ್ಕ ಸರಿ ಮಾಡಿಕೊಳ್ಳುವುದು ನಿಲ್ಲಬೇಕು ಎಂಬುದೂ ಆ ಹಟದ ಒಳಗೇ ಇತ್ತು.

ಹಾಗಾಗಿ ಸ್ಟ್ಯಾಂಡು ಹುಡುಕತೊಡಗಿದೆ. ಮೊದಲನೆಯದನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. ವೀಡಿಯೋದಲ್ಲಿ ಬಿಳೀ ದೋಣಿ, ನೀಲಿ ನೀರು, ಕನ್ನಡಕ ಹಾಕಿಕೊಂಡ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಅದನ್ನು ಟಕ್ಕೆಂದು ಕೂರಿಸುತ್ತಿದ್ದ. ನನ್ನ ಕೈಗೆ ಬಂದದ್ದು ಕರೀ ಪ್ಲಾಸ್ಟಿಕ್ಕು. ಅದರ ಕ್ಲ್ಯಾಂಪು ಗುಂಡು ಪೈಪನ್ನು ಹಿಡಿಯಲೆಂದು ಮಾಡಿದ್ದು, ನಮ್ಮ ಪತ್ರಾ ದೋಣಿಗೆ ಗುಂಡು ಪೈಪು ಎಲ್ಲಿಂದ ಬರಬೇಕು? ಮಡಚಿದ ತಗಡಿನ ಅಂಚಿಗೆ ಅದು ಜಾರಿ ಜಾರಿ ಬೀಳುತ್ತಿತ್ತು. ಹರಕು ಟ್ಯೂಬು ಸುತ್ತಿ ಹೇಗೋ ಕೂರಿಸಿದರೆ, ರಾಡನ್ನು ಒಳಗಿಟ್ಟ ಮೇಲೆ ಒಂದು ಕೊಂಡಿಯನ್ನು ಒಂದು ಕೈಯಿಂದ ಒತ್ತಿ ಹಿಡಿದು ಇನ್ನೊಂದು ಕೈಯಿಂದ ತಿರುಪು ಬಿಗಿಯಬೇಕು. ಎರಡು ಕೈ! ಎರಡು ಕೈ ಇದ್ದಿದ್ದರೆ ನಾನು ಇದನ್ನು ಯಾಕೆ ತರಿಸುತ್ತಿದ್ದೆ? ದೋಣಿಯಲ್ಲೇ ಎದ್ದು ನಿಂತು ಅದನ್ನು ಮಾಡಿದವನ ವಂಶವನ್ನೆಲ್ಲ ಬೈದೆ. ದೋಣಿ ಓಲಾಡಿತು. ದೋಣಿಯವನು ಹುಟ್ಟು ಬಿಟ್ಟು ಅಂಚು ಹಿಡಿದುಕೊಂಡ.

"ಕುಂದ್ರಿ ಸಾವ್ಕಾರ್ರ, ಮೂರೂ ಮಂದಿ ನೀರಾಗ ಹೋಗ್ತೀವಿ" ಎಂದ. ನಾನು ಕೂತೆ. ಮೊದಲನೇ ಕಟ್ಲಾ ಮೀನು ಎಳೆದ ಏಟಿಗೆ ಪ್ಲಾಸ್ಟಿಕ್ಕಿನ ಕತ್ತು ಮುರಿದು ರಾಡು ನೀರಿನ ಕಡೆ ಹಾರಿತು. ಅಣ್ಣ ಬಗ್ಗಿ ಹಿಡಿದ. ಹಿಡಿದವನು ಮೀನನ್ನೂ ಎಳೆದ. ಅವತ್ತು ದಾರಿಯುದ್ದಕ್ಕೂ ನಾನು ಅವನ ಜೊತೆ ಮಾತಾಡಲಿಲ್ಲ.

ಎರಡನೆಯದನ್ನು ನಾನೇ ಮಾಡಿದೆ. ಇಪ್ಪತ್ತು ವರ್ಷ ಪೈಪು ಮಾರಿದವನು ಒಂದು ರಾಡು ನಿಲ್ಲಿಸಲಾರೆನೇ ಎಂಬ ಜಂಬ. ಎರಡಿಂಚಿನ ಪ್ಲಾಸ್ಟಿಕ್ ಪೈಪು, ಮೊಳಕ್ಕಿಂತ ಸ್ವಲ್ಪ ಉದ್ದ, ಕೂಡುವ ಹಲಗೆಗೆ ಪಟ್ಟಿ ಹಾಕಿ ಬೋಲ್ಟು ಬಿಗಿದೆ. ನೋಡಲು ಚಂದ. ಆದರೆ ಪೈಪಿನೊಳಗೆ ರಾಡು ಗರಗರ ತಿರುಗುತ್ತಿತ್ತು, ಮೇಲಿದ್ದ ರೀಲು ಕೆಳಗಾಗುತ್ತಿತ್ತು, ನಾನು ಹಿಡಿಕೆ ಹುಡುಕುವಷ್ಟರಲ್ಲಿ ದಾರ ಸಡಿಲಾಗಿ ಮೀನು ಕಳಚಿಕೊಳ್ಳುತ್ತಿತ್ತು. ಬಾಯಿಗೆ ಸೀಳು ಕೊಯ್ದು ರೀಲಿನ ಕಾಲು ಅದರಲ್ಲಿ ಕೂರುವಂತೆ ಮಾಡಿದೆ. ತಿರುಗುವುದು ನಿಂತಿತು. ಆಮೇಲೆ ಇನ್ನೊಂದು ತಕರಾರು. ನಾನು ಪೈಪನ್ನು ನೀರಿನ ಕಡೆ ಬಹಳ ಬಾಗಿಸಿ ಕೂರಿಸಿದ್ದೆ. ದೊಡ್ಡ ಮೀನು ಎಳೆದರೆ ರಾಡಿನ ಬುಡ ಪೈಪಿನ ಗೋಡೆಗೆ ಒತ್ತಿಕೊಂಡು ಕಚ್ಚಿ ಕೂತುಬಿಡುತ್ತಿತ್ತು. ಕೀಳಲೂ ಆಗದು, ಎತ್ತಲೂ ಆಗದು. ರೀಲೊಂದನ್ನೇ ತಿರುಗಿಸಿ ದೊಡ್ಡ ಮೀನು ತರಲು ಬರುವುದಿಲ್ಲ. ರಾಡಿನ ತುದಿಯನ್ನು ಮೇಲೆತ್ತಬೇಕು, ಇಳಿಸುತ್ತ ದಾರ ಸುತ್ತಬೇಕು, ಮತ್ತೆ ಎತ್ತಬೇಕು. ಗಟ್ಟಿಯಾಗಿ ನಿಂತ ಸ್ಟ್ಯಾಂಡು ಅದನ್ನು ಮಾಡಗೊಡುವುದಿಲ್ಲ. ನಾನು ಒದ್ದಾಡುವುದನ್ನು ನೋಡಲಾರದೆ ಅಣ್ಣ ಮತ್ತೆ ಕೈ ಹಾಕಿದ.

"ಅಣ್ಣಾ, ಕೈ ತಗಿ."

"ಅಲ್ಲೋ, ಮೀನು ಹೋಗ್ತದ."

"ಹೋಗ್ಲಿ! ನನ್ನ ಮೀನು ಅದ, ಹೋದ್ರ ಹೋಗ್ಲಿ!"

"ಯಾಕ ಹಂಗ ಒದರಾಕತ್ತೀ? ನಿಂಗ ತಕಲೀಫ್ ಆಗ್ತದಂತ ಹಿಡದೆ."

ತಕಲೀಫು! ಅವನ ಬಾಯಲ್ಲಿ ಈ ಮಾತು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ತಕಲೀಫು ಯಾರಿಂದ ಆಯಿತು ಎಂದು ಅಲ್ಲೇ ಕೇಳಬೇಕಿತ್ತು. ದೋಣಿಯವನಿದ್ದಾನೆಂದು ನುಂಗಿಕೊಂಡೆ. ಆ ಮೀನು ಬಂತು, ಎಷ್ಟು ದೊಡ್ಡದೆಂದು ನಾನು ಕಣ್ಣೆತ್ತಿಯೂ ನೋಡಲಿಲ್ಲ.

ಮೂರನೆಯದು ರಾಜೇಶ್ವರದಲ್ಲಿ ಆಯಿತು. ರಸ್ತೆ ಪಕ್ಕದಲ್ಲಿ ಒಬ್ಬ ವೆಲ್ಡಿಂಗ್ ಅಂಗಡಿಯವನಿದ್ದಾನೆ, ನನ್ನ ಹತ್ತಿರವೇ ಪೈಪು ಒಯ್ಯುವವನು, ಮಾತು ಕಡಿಮೆ. ಊರೂರಿನ ಬೋರಿಂಗ್ ರಿಪೇರಿ ಅವನೇ ಮಾಡುವುದು. ಹ್ಯಾಂಡಲ್ ಒತ್ತಿ ನೀರು ಹೊಡೆಯುವ ಪಂಪಿಗೆ ನಮ್ಮ ಕಡೆ ಬೋರಿಂಗ್ ಎಂದೇ ಹೆಸರು. ನಾನು ಎಡಗೈ ತೋರಿಸಿ, ಇಡೀ ಕತೆ ಹೇಳಿದೆ. ಅವನು "ಪಾಪ" ಎನ್ನಲಿಲ್ಲ. ನನ್ನ ಮೊಣಕೈಯಿಂದ ಮುಂಗೈವರೆಗೆ ಟೇಪು ಹಿಡಿದು ಅಳೆದ.

"ಇದ್ರಾಗ ಜೋರ್ ಅದ ಏನ್ರಿ?" ಎಂದು ಮುಂಗೈ ಒತ್ತಿ ಕೇಳಿದ.

"ಅದ. ಬೆರಳಷ್ಟ ಇಲ್ಲ, ಜೋರ್ ಇದ್ದಷ್ಟೂ ಅದ."

"ಹಿಡ್ಯೂದು ಬ್ಯಾಡ, ಒತ್ರಿ. ಬೋರಿಂಗ್ ಹ್ಯಾಂಡಲ್ ಹ್ಯಾಂಗ ಒತ್ತತೀರಿ, ಹಂಗ."

ಅಷ್ಟೇ. ಇಷ್ಟು ದಿನ ಎಲ್ಲರೂ ಇಲ್ಲದ ಬೆರಳನ್ನೇ ನೋಡಿದ್ದರು, ನಾನೂ ಅದನ್ನೇ ನೋಡಿದ್ದೆ. ಇವನು ಇದ್ದ ತೋಳನ್ನು ನೋಡಿದ. ಕೆಟ್ಟು ಬಿದ್ದಿದ್ದ ಒಂದು ಬೋರಿಂಗಿನ ಕೀಲನ್ನು ತೆಗೆದು, ಅದರ ಮೇಲೆ ಮುಂದುಗಡೆ ಅರ್ಧ ತೆರೆದ ಕಬ್ಬಿಣದ ಪೈಪು ಕೂರಿಸಿದ. ರೀಲಿನ ಕಾಲಿಗೆ ಸೀಳು ಕೊಯ್ದ, ಪೈಪಿನ ತಳದಲ್ಲಿ ಅಡ್ಡ ಮೊಳೆ ಹಾಕಿ ರಾಡಿನ ಬುಡ ಅದಕ್ಕೆ ತಾಗಿ ನಿಲ್ಲುವಂತೆ ಮಾಡಿದ. ಹಿಂದೆ ಒಂದು ಗೇಣು ಅಗಲದ ಪಟ್ಟಿ ಚಾಚಿಕೊಂಡಿತ್ತು. ಎಡ ಮುಂಗೈಯಿಂದ ಆ ಪಟ್ಟಿಯನ್ನು ಕೆಳಗೊತ್ತಿದರೆ ರಾಡಿನ ತುದಿ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ, ತೀರ ಬಾಗದಂತೆ ಮುಂದೆ ಒಂದು ತಡೆ. ಬಲಗೈ ರೀಲಿನ ಹಿಡಿಕೆಗೆ ಖಾಲಿ. ನಾಲ್ಕು ಬೋಲ್ಟಿನಿಂದ ಹಲಗೆಗೆ ಬಿಗಿಯಬೇಕು, ತಗಡಿನ ಅಂಚಿನ ಸಹವಾಸವೇ ಇಲ್ಲ. ದೋಣಿ ಯಾವುದಾದರೂ ಇರಲಿ, ಸ್ಟ್ಯಾಂಡು ಕೊಳ್ಳುವ ಮುಂಚೆ ಅದನ್ನು ಎಲ್ಲಿ ಕೂರಿಸುತ್ತೀರಿ ಎಂದು ನೋಡಿಕೊಳ್ಳಿ ಎಂದು ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಮುಂದಿನ ರಜೆಯ ದಿನ ಡ್ಯಾಮಿಗೆ ಹೋದೆವು. ದೋಣಿಯವನು ಸ್ಟ್ಯಾಂಡನ್ನು ಮೇಲೆ ಕೆಳಗೆ ಆಡಿಸಿ ನೋಡಿ ನಕ್ಕ. "ಇದ್ರಾಗ ನೀರ್ ಬರ್ತದೇನ್ರಿ?" ಎಂದ. ಅವನು ತಮಾಷೆ ಮಾಡಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. ಹುಟ್ಟು ಹಾಕುವ ಕೈಗೆ ಅಡ್ಡವಾಗದಂತೆ ಸ್ಟ್ಯಾಂಡನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಬಿಗಿದೆವು. ಮತ್ತೆ ಹಾರಿ ಹೋಗದಿರಲೆಂದು ರಾಡಿಗೊಂದು ಹಗ್ಗ ಕಟ್ಟಿ ಹಲಗೆಗೆ ಗಂಟು ಹಾಕಿದೆವು. ಗಂಟು ಹಾಕಿದವನು ಅಣ್ಣ. ಅದು ಎರಡು ಕೈಯ ಕೆಲಸ, ನಾನೇ ಕೇಳಿದೆ. ಕೇಳಿದ್ದಕ್ಕೆ ಮಾಡುವುದು ಬೇರೆ, ಕೇಳದೆ ಮಾಡುವುದು ಬೇರೆ.

ದೋಣಿ ನೀರಿಗಿಳಿಯುವ ಮುಂಚೆ ಅವನಿಗೆ ಹೇಳಿದೆ. "ಅಣ್ಣಾ, ಇವತ್ತ ನೀ ನನ್ನ ರಾಡ್ ಮುಟ್ಟಿದಿ ಅಂದ್ರ, ಇನ್ನ ಮ್ಯಾಲ ನಿನ್ನ ಜೋಡಿ ನಾ ಬರಾಂಗಿಲ್ಲ. ಸಾಫ್ ಹೇಳಾಕತ್ತೇನಿ."

"ಆತು ಮಾರಾಯಾ, ಮುಟ್ಟಂಗಿಲ್ಲ" ಎಂದ. ಮುಖ ಸಣ್ಣದಾಯಿತು. ಸಣ್ಣದಾಗಲಿ ಎಂದುಕೊಂಡೆ.

ಜೋಳದ ಹಿಟ್ಟಿನ ಉಂಡೆ ಸಿಕ್ಕಿಸಿ ದಾರ ಬಿಟ್ಟು ಕೂತೆವು. ಬಿಸಿಲು ಬೆನ್ನಿಗೆ ಏರುತ್ತಿತ್ತು, ನೀರು ಅಲುಗಾಡದೆ ಇತ್ತು. ಅಣ್ಣ ತನ್ನ ದಾರದ ಕಡೆಯೇ ನೋಡುತ್ತಿದ್ದ. ಚಹಾ ಕುಡಿಯುವ ಹೊತ್ತಿಗೆ ರಾಡಿನ ತುದಿ ಎರಡು ಸಲ ತಲೆ ಬಾಗಿಸಿತು, ಮೂರನೇ ಸಲ ನೀರಿಗೆ ಮುಟ್ಟುವಂತೆ ಬಗ್ಗಿತು. ರೀಲು ಕಿರ್ರೆಂದು ಕೂಗಿತು.

ಎಡ ಮುಂಗೈ ಪಟ್ಟಿಯ ಮೇಲೆ ಬಿತ್ತು. ಒತ್ತಿದೆ. ರಾಡು ಎದ್ದಿತು! ಬಿಟ್ಟೆ, ಸುತ್ತಿದೆ, ಒತ್ತಿದೆ. ಕೈ ಹೀಗಾದ ಮೇಲೆ ಮೊದಲ ಸಲ ಒಂದು ಮೀನಿನ ಭಾರ ನನ್ನ ಎಡತೋಳಿನ ಮೂಳೆಗೆ ಬಂತು. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೂ ಸಿಟ್ಟು ಬಂತು. ಪಕ್ಕದಲ್ಲಿ ಅಣ್ಣನ ಬಲಗೈ ತಾನಾಗಿ ಮುಂದೆ ಬರುತ್ತಿರುವುದು ಓರೆಗಣ್ಣಿಗೆ ಕಂಡಿತು.

"ಅಣ್ಣಾ!"

ಕೈ ನಿಂತಿತು. ಅವನು ಎರಡೂ ಕೈಗಳನ್ನು ತನ್ನ ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತ. ಅರವತ್ತು ಸಮೀಪಿಸಿದ ಮನುಷ್ಯ, ಮೇಷ್ಟ್ರಿಗೆ ಹೆದರಿದವರ ಹಾಗೆ ಕೂತಿದ್ದ.

ಮೀನು ದೋಣಿಯ ಹತ್ತಿರ ಬಂತು. ದೊಡ್ಡ ಕಟ್ಲಾ. ಅಗಲವಾದ ತಲೆ ಒಂದು ಸಲ ಮೇಲೆ ಬಂದು ನಮ್ಮನ್ನು ನೋಡಿ ತಿರುಗಿತು. ದೋಣಿಯವನು ಬಲೆ ಚೀಲ ಹಿಡಿದು ಬಗ್ಗಿದ. ಅದು ಕೊನೆಯ ಸಲ ಜೋರಾಗಿ ಕೆಳಗೆ ಓಡುತ್ತದೆ, ಆಗ ರೀಲಿನ ಮುಂದಿನ ತಿರುಪನ್ನು ಸಡಿಲಿಸಿ ದಾರ ಬಿಡಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಬಲಗೈ ಹಿಡಿಕೆಯನ್ನು ಬಿಟ್ಟು ಅಷ್ಟೇ ಅಷ್ಟು ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಗೆದ್ದೆ ಎಂಬ ಅಮಲಿನಲ್ಲಿ ಇನ್ನೂ ಸುತ್ತುತ್ತಲೇ ಇದ್ದೆ. ಕಟ್ಲಾ ಓಡಿತು, ದಾರ ಟಪ್ಪೆಂದು ಕಡಿಯಿತು, ರಾಡು ನೆಟ್ಟಗೆ ನಿಂತಿತು.

ದೋಣಿಯವನು ಚೀಲ ಕೆಳಗಿಟ್ಟು "ಪಾಪ, ಹೋತು ನೋಡ್ರಿ" ಎಂದ. ಮೀನಿಗೆ ಹೇಳಿದನೋ ನನಗೆ ಹೇಳಿದನೋ.

"ಹೋಗಲಿಲ್ಲೋ!" ಎಂದು ಕೂಗಿದೆ. ನನ್ನ ದನಿ ನೀರಿನ ಮೇಲೆ ಆಚೆ ದಡದವರೆಗೂ ಹೋಗಿರಬೇಕು. "ಹೋಗಲಿಲ್ಲ. ನಾ ಕಳಕೊಂಡೆ. ತಿರುಪು ಸಡ್ಲ ಮಾಡಬೇಕಿತ್ತು, ಮಾಡಲಿಲ್ಲ. ದಾರಂದು ತಪ್ಪಿಲ್ಲ, ಸ್ಟ್ಯಾಂಡಿಂದು ತಪ್ಪಿಲ್ಲ, ಮೀನಿಂದು ತಪ್ಪಿಲ್ಲ. ನಾ ಕಳಕೊಂಡೆ!"

ದೋಣಿಯವನು ಹೆದರಿ ಹುಟ್ಟಿಗೆ ಕೈ ಹಾಕಿದ. ಆ ಮಾತನ್ನು ನಾನು ಅಣ್ಣನಿಗೆ ಕುಟುಕಲೆಂದು ಹೇಳಿರಲಿಲ್ಲ, ಆಣೆಗೂ ಇಲ್ಲ. ನನಗೆ ಮೀನು ಕಳೆದುಕೊಂಡ ಸಂಕಟ, ಕಳೆದುಕೊಂಡವನು ನಾನೇ ಎಂಬ ಒಂದು ಬಗೆಯ ಹೆಮ್ಮೆ, ಎರಡೂ ಒಟ್ಟಿಗೆ ಬಂದಿದ್ದವು. ಆದರೆ ಅಣ್ಣ ತೊಡೆಯ ಕೆಳಗಿನಿಂದ ಕೈ ತೆಗೆದ. ಅಂಗೈಗಳನ್ನು ನೋಡಿಕೊಂಡ. ಹಲಗೆಯ ಗೆರೆ ಅವುಗಳ ಮೇಲೆ ಒತ್ತಿ ಮೂಡಿತ್ತು.

"ನಾ ಬಲ್ಬ್ ನೋಡಿರಲಿಲ್ಲ" ಎಂದ.

ನಾನು ಅವನ ಕಡೆ ತಿರುಗಿದೆ.

"ಬಟನ್ ಕಡೀನೂ ನೋಡಿರಲಿಲ್ಲ. ಎಮ್ಮಿ ಕಾಲ ಹಿಡದಿದ್ದೆ, ಮಾರಿ ಅತ್ತಾಗ ಇತ್ತು. ಕರೆಂಟ್ ಹೋಗ್ಯಾದಲ್ಲ, ಏನಾಗ್ತದಂತ ಸುಮ್ಕ ಅಂದೆ. ಬಂದ್ ಅದ ಅಂತನ ಅಂದೆ. ನೀ ಬರೋಬ್ಬರಿ ಕೇಳಿದ್ದಿ."

ಇಷ್ಟು ವರ್ಷ ಕಾದ ಮಾತು. ಬಂದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಇಲ್ಲ, ಇನ್ನೂ ಸಿಟ್ಟು ಬಂತು. ಬಾಯಿಗೆ ಬಂದದ್ದೆಲ್ಲ ಬೈದೆ. ಆಸ್ಪತ್ರೆಯ ಬಾಗಿಲು ಎತ್ತಿ ಆಡಿದೆ, ಮೋಸಂಬಿ ಎತ್ತಿ ಆಡಿದೆ, ನನ್ನ ಕಿವಿ ಪರೀಕ್ಷೆ ಮಾಡಿಸಲು ಅವ್ವ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದ್ದನ್ನು ಎತ್ತಿ ಆಡಿದೆ. ಹೌದು, ಕಳಿಸಿದ್ದಳು. ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ಮನೆಯಲ್ಲಿ ಯಾರೂ ಕತೆ ಬದಲಿಸಲಿಲ್ಲ. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ, ಒಂದಕ್ಕೂ ಎದುರಾಡಲಿಲ್ಲ. ದೋಣಿಯವನು ಮುಖ ಆಚೆ ಮಾಡಿ ಹುಟ್ಟು ಹಾಕುತ್ತಿದ್ದ.

ದಡ ಮುಟ್ಟಿದ ಮೇಲೆ ನಾನು ಒಂದೇ ಕೇಳಿದೆ. "ಈ ಮಾತು ಅವ್ವನ ಮುಂದ ಹೇಳ್ತೀಯೇನು?"

ಅಣ್ಣ ತನ್ನ ದಾರ ಸುತ್ತಿ ಚೀಲಕ್ಕೆ ಹಾಕಿದ. ಗಾಡಿಗೆ ಕಿಕ್ ಹೊಡೆಯಲು ಬಂದವನು ತಡೆದು, ಹಿಂದೆ ಸರಿದು ನಿಂತ. ನಾನೇ ಹೊಡೆದೆ.

ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಈಗ ಅವಳ ಕಿವಿಯೇ ಮಂದವಾಗಿದೆ. ಪಕ್ಕದ ಮನೆಯ ಇಬ್ಬರು ಹೆಂಗಸರು ಸಹಾಯಕ್ಕೆ ಕೂತಿದ್ದರು. ಅವರನ್ನು ನೋಡಿದ ಕೂಡಲೇ ಇವನು ಇನ್ನು ಬಾಯಿ ಬಿಡುವುದಿಲ್ಲ ಎಂದುಕೊಂಡು ನಾನು ಹಿತ್ತಲಿಗೆ ಕೈಕಾಲು ತೊಳೆಯಲು ಹೊರಟೆ.

"ಮೀನು ಸಿಕ್ತೇನೋ?" ಎಂದು ಅವ್ವ ಕೇಳಿದಳು.

"ಇಲ್ಲವ್ವಾ" ಎಂದ ಅಣ್ಣ. ಆಮೇಲೆ ಹೊಸ್ತಿಲ ಮೇಲೆಯೇ ನಿಂತು, "ಅವ್ವಾ, ಇವನ ಕೈ ಕೊಯ್ದ ದಿವ್ಸ, ನಾ ಬಂದ್ ಅದ ಅಂದಿದ್ದೆ" ಎಂದ.

ಅವ್ವ ಕಿವಿಯನ್ನು ಈ ಕಡೆ ತಿರುಗಿಸಿದಳು. "ಹೂಂ, ಬಂದದ ಅಂದಿದ್ದಿ. ಇಂವ ಕೇಳಲಿಲ್ಲ, ಪಾಪ."

ಹೆಂಗಸರು ತಲೆಯಾಡಿಸಿದರು. ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಅವನು ಹೇಳಿದ್ದೂ ಆಯಿತು, ಅವ್ವ ಕೇಳಿದ್ದೂ ಆಯಿತು, ಕತೆ ಇದ್ದಲ್ಲೇ ಇತ್ತು. ಇಲ್ಲಿಗೆ ಬಿಟ್ಟಿದ್ದರೂ ಯಾರೂ ಅವನನ್ನು ಏನೂ ಅನ್ನುವಂತಿರಲಿಲ್ಲ. ಹೇಳಿದ್ದೇನಲ್ಲ ಎಂದು ಅವನು ಒಳಗೆ ಹೋಗಬಹುದಿತ್ತು.

ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳ ಕಿವಿಯ ಹತ್ತಿರ ಬಾಯಿ ಒಯ್ದು, ಎರಡು ಶಬ್ದಗಳ ನಡುವೆ ಉಸಿರು ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

"ಬಂದದ ಅಲ್ಲವ್ವಾ. ಬಂದ್. ಅದ. ಬಂದ್ ಅದ ಅಂದೆ ನಾ. ಬಟನ್ ನೋಡಲಾರದ ಅಂದೆ."